ಟವೆಲ್ ಕೆಳಗಿನ ಡಬ್ಬಿಗಳು

ಭಾನುವಾರ ಸಂಜೆ ನಮ್ಮದೊಂದು ಆಟ. ಗಿಟಾರಿನ ಗೆಳೆಯ ವಾದ್ಯದ ದನಿ ಬದಲಿಸುವ ತನ್ನ ಪೆಡಲ್ ಡಬ್ಬಿಗಳ ಮೇಲೆ ಟವೆಲ್ ಹೊದಿಸಿ, ಒಂದನ್ನು ಕಾಲಲ್ಲಿ ಒತ್ತಿ ನುಡಿಸುತ್ತಾನೆ. ಯಾವುದೆಂದು ನಾವು ಕಿವಿಯಲ್ಲೇ ಹೇಳಬೇಕು. ಸೋತವನು ಬೋಂಡಾ ತರಬೇಕು.

ವಾ ಪೆಡಲ್ ಸುಲಭ, ತನ್ನ ಹೆಸರನ್ನು ತಾನೇ ಕೂಗುತ್ತದೆ. ಕೋರಸ್ ಅಂದರೆ ನೀರೊಳಗಿಂದ ಹಾಡಿದಂತೆ. ಪೇಚಾಟವೆಲ್ಲ ಕರ್ಕಶ ಕುಟುಂಬದ್ದು. ಟ್ಯೂಬ್ ಸ್ಕ್ರೀಮರ್ ಹೆಸರಿಗಷ್ಟೇ ಕಿರುಚುಬಾಯಿ. ಸ್ವಭಾವದಲ್ಲಿ ಅಪ್ಪಟ ಮಧ್ಯಮ ವರ್ಗ, ಮಂದ್ರವನ್ನು ತಗ್ಗಿಸಿ ನಡುವಿನ ಸ್ವರಗಳನ್ನೇ ಮುಂದೆ ತಳ್ಳುತ್ತದೆ. ಬಿಗ್ ಮಫ್ ತದ್ವಿರುದ್ಧ: ನಡುವನ್ನು ನುಂಗಿ ಕಂಬಳಿಯಂತೆ ಹರಡಿಕೊಳ್ಳುತ್ತದೆ. ಫಜ್ ಅಂತೂ ಹರಿದ ಸ್ಪೀಕರೇ ಸರಿ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಅದನ್ನು ನುಡಿಸಿದ್ದು, ಆಮೇಲೆ ಬರಬೇಕಿದ್ದ ತುತ್ತೂರಿಗಳಿಗೆ ಜಾಗ ಹಿಡಿದಿಡಲು. ತುತ್ತೂರಿ ಬರಲಿಲ್ಲ, ಬಸ್ಸಿನ ಸೀಟಿನ ಮೇಲಿಟ್ಟ ಕರ್ಚೀಫೇ ಜಗತ್ಪ್ರಸಿದ್ಧವಾಯಿತು!

ಇಷ್ಟೆಲ್ಲ ಪಾಂಡಿತ್ಯವಿರುವ ನಾನು ಮೊನ್ನೆ ಕಣ್ಣು ಮುಚ್ಚಿ, ತಲೆದೂಗಿ, "ಫಜ್! ಅದೂ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿನದು!" ಎಂದೆ.

ಗೆಳೆಯ ಇನ್ನೂ ಗಿಟಾರ್ ಮುಟ್ಟಿರಲಿಲ್ಲ. ಒಳಗೆ ಅವನಮ್ಮ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದರು. ಬೋಂಡಾ ತಂದದ್ದು ನಾನೇ. ನೆಂಚಿಕೊಳ್ಳಲು ಅದೇ ಜರ್ಮೇನಿಯಂ ಚಟ್ನಿ.