ಗಣಕದೋಷಾನುಶಾಸನ

ಶಾಸ್ತ್ರಾರಂಭದಲ್ಲಿ ವಿಘ್ನೇಶ್ವರನನ್ನು ನೆನೆಯುವುದು ಶಿಷ್ಟಾಚಾರವಾದ ಕಾರಣ, ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ದ್ವಿಭುಜನಾಗಿ ನಿಂತಿರುವ ಮಹಾಗಣಪತಿಗೆ ವಂದಿಸಿ ಈ ಅಲ್ಪಗ್ರಂಥಕ್ಕೆ ತೊಡಗುತ್ತೇನೆ. ಅನ್ಯತ್ರ ಗಣಪತಿಯ ಪದತಲದಲ್ಲಿ ಸಾಮಾನ್ಯವಾಗಿ ಕಾಣುವ ಇಲಿಯು ಇಡಗುಂಜಿಯ ಮೂರ್ತಿಯಲ್ಲಿ ಇಲ್ಲ. ಇಲಿಯ ನೆರವಿಲ್ಲದೆಯೇ ಸಕಲ ವಿಘ್ನಗಳನ್ನು ನಿವಾರಿಸಬಲ್ಲ ದೈವವೊಂದು ನಮ್ಮ ತಾಲ್ಲೂಕಿನಲ್ಲೇ ನೆಲಸಿರುವುದೆಂಬ ಅರಿವು, ದುರಸ್ತಿಯಾಗಿ ಮನೆಗೆ ಮರಳಿದ ಗಣಕಯಂತ್ರವು ತನ್ನ ಮೌಸಿನ ಗುರುತೇ ತನಗಿಲ್ಲವೆಂದು ಹಟ ಹಿಡಿದ ಸಂಜೆ, ಕೀಲಿಮಣೆಯ ಟ್ಯಾಬನ್ನೂ ಎಂಟರನ್ನೂ ಕುಟ್ಟುತ್ತ ಕುಳಿತಿದ್ದ ನನಗೆ ಎಷ್ಟು ಧೈರ್ಯವನ್ನಿತ್ತಿತೆಂಬುದನ್ನು ಅನುಭವಸ್ಥರೇ ಬಲ್ಲರು. ಮೌಸಿನ ಬಾಲವನ್ನು ಡಬ್ಬಿಯ ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಚುಚ್ಚಿದೊಡನೆ ಆ ವಿಘ್ನವು ಪರಿಹಾರವಾಯಿತಾದರೂ, ಭಕ್ತಿಯನ್ನು ಹಿಂದೆಗೆದುಕೊಳ್ಳುವುದು ಸಲ್ಲದೆಂದು ಮಂಗಲಾಚರಣೆಯನ್ನು ಹಾಗೆಯೇ ಇರಿಸಿದ್ದೇನೆ.

ಇನ್ನು ಪೂರ್ವಾಚಾರ್ಯಸ್ಮರಣೆ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯು ಪಂಡಿತರ ಬಾಯಲ್ಲಿ ಸಂಗೀತಪುರವಾಯಿತು. ಅಲ್ಲಿಯ ಜೈನಮಠದ ಪರಂಪರೆಯವನಾದ ಭಟ್ಟಾಕಲಂಕದೇವನು 1604ರಲ್ಲಿ ಕನ್ನಡಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಕಟ್ಟಿ, ಸೂತ್ರ ತಿಳಿಯದವರಿಗೆಂದು ವೃತ್ತಿಯನ್ನೂ ವೃತ್ತಿ ತಿಳಿಯದವರಿಗೆಂದು ವ್ಯಾಖ್ಯಾನವನ್ನೂ ತಾನೇ ಬರೆದನು. ಯಂತ್ರದೊಡನೆ ಬರುವ ಕೈಪಿಡಿಗಳನ್ನು ಬರೆಯುವವರಲ್ಲಿ ಇಂತಹ ಕರುಣೆಯ ಶತಾಂಶವಾದರೂ ಇದ್ದಿದ್ದರೆ ಪ್ರಕೃತ ಗ್ರಂಥದ ಅವಶ್ಯಕತೆಯೇ ಬೀಳುತ್ತಿರಲಿಲ್ಲ. ಆ ಮಹಾನುಭಾವನ ಊರಿನಿಂದ ಒಂದೇ ಬಸ್ಸಿನ ದೂರದಲ್ಲಿ ವಾಸಿಸುವವನೆಂಬ ಸಲುಗೆಯಿಂದ, ನಾನೂ ಆರು ಸೂತ್ರಗಳನ್ನು ರಚಿಸಿ ಅವಕ್ಕೆ ನಾನೇ ವೃತ್ತಿಯನ್ನು ಬರೆದಿದ್ದೇನೆ. ಮನೆಯಲ್ಲಿ ಒಂದು ಕಂಪ್ಯೂಟರನ್ನು ಇಟ್ಟುಕೊಂಡು, ಒಮ್ಮೆಯಾದರೂ ಅದರ ವಿಂಡೋಸನ್ನು ಪರರ ಕೈಯಿಂದ ಸರಿಮಾಡಿಸಿ, ಸರಿಯಾದ ಮೇಲೆ ಮೊದಲಿಗಿಂತ ಹೆಚ್ಚು ನಿದ್ದೆಗೆಟ್ಟವನೇ ಈ ಶಾಸ್ತ್ರಕ್ಕೆ ಅಧಿಕಾರಿ.

ಸೂತ್ರ 1. ಸಮಾ ಆಯಿತೆಂಬುದು ಯಂತ್ರಪರ, ಗೃಹಪರವಲ್ಲ.

ವೃತ್ತಿ: ರೋಗದ ಮೂಲ ಹೀಗೆ. ಕರಾವಳಿಯಲ್ಲಿ ಗುಡುಗು ಮೊದಲಾದೊಡನೆ ಗೋಡೆಯಿಂದ ತಂತಿಗಳನ್ನು ಕೀಳುವುದು ಗೃಹಧರ್ಮ. ನಮ್ಮ ಮನೆಯಲ್ಲಿ ಈ ಧರ್ಮವು ಟಿವಿಗೆ ಮಾತ್ರ ಸಲ್ಲುತ್ತಿತ್ತು. ಗಣಕಕ್ಕೆ ಯುಪಿಎಸ್ ಇದೆಯೆಂಬ ಅಹಂಕಾರದಿಂದ ಅದರ ತಂತಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಆಷಾಢದ ಒಂದು ರಾತ್ರಿ ಕರೆಂಟು ಹೋಗಿ, ಯುಪಿಎಸ್ಸು ತನ್ನ ಶಕ್ತ್ಯನುಸಾರ ಹತ್ತು ನಿಮಿಷ ಕೂಗಿ ಕಣ್ಣುಮುಚ್ಚಿದಾಗ, ಯಂತ್ರವು ತನ್ನನ್ನು ತಾನು ನವೀಕರಿಸಿಕೊಳ್ಳುವ ಪುಣ್ಯಕಾರ್ಯದ ನಡುಮಧ್ಯದಲ್ಲಿತ್ತು. ಮರುದಿನದಿಂದ ಅದರ ಪರದೆಯ ಮೇಲೆ ಬಿಳಿಯ ಚುಕ್ಕೆಗಳು ವರ್ತುಲಾಕಾರವಾಗಿ ತಿರುಗತೊಡಗಿದವು. ಯಕ್ಷಗಾನದ ಒಡ್ಡೋಲಗದಲ್ಲಿ ಪಾತ್ರವು ತೆರೆಯ ಹಿಂದೆ ಎಷ್ಟು ಹೊತ್ತು ಕುಣಿದರೂ ತೆರೆ ಸರಿಯುವ ಗಳಿಗೆಯೊಂದು ಉಂಟು. ಇಲ್ಲಿ ತೆರೆಯ ಹಿಂದಿನ ಕುಣಿತವೇ ಬೆಳಗಿನವರೆಗಿನ ಪ್ರಸಂಗವಾಯಿತು. ಚಿಕಿತ್ಸೆ ನಡೆಯಿತು. ‘ಎಲ್ಲ ಸಮಾ ಆಗಿದೆ, ತಕಂಡ್ ಹೋಗಿ’ ಎಂಬ ವಾಕ್ಯದೊಡನೆ ಯಂತ್ರವನ್ನು ಮರಳಿ ಪಡೆದೆನು. ಆ ವಾಕ್ಯದಲ್ಲಿ ಸುಳ್ಳಿನ ಲೇಶವೂ ಇರಲಿಲ್ಲ. ಆದರೆ ಯಂತ್ರದ ಆರೋಗ್ಯವು ತೆರೆ ಸರಿಯುವಲ್ಲಿಗೆ ಮುಗಿಯುತ್ತದೆ. ಮನೆಯವರ ಪಾಲಿಗೆ ಆಟ ಶುರುವಾಗುವುದೇ ಆಮೇಲೆ. ಅಕ್ಷರಗಳು ಹಲಸಿನ ತೊಳೆಯಷ್ಟು ದಪ್ಪಗಾಗಿದ್ದವು, ಧ್ವನಿಯು ಅಡಗಿತ್ತು, ಮಗಳ ಮದುವೆಯ ಚಿತ್ರಗಳಿದ್ದ ಜಾಗದಲ್ಲಿ ನೀಲಿಯ ಶೂನ್ಯವಿತ್ತು. ಇವುಗಳಲ್ಲಿ ಮೊದಲೆರಡು ಡ್ರೈವರೆಂಬ ಮಧ್ಯಸ್ಥರ ಅಭಾವದಿಂದ ಹುಟ್ಟಿದುವಾದುದರಿಂದ, ಮಧ್ಯಸ್ಥರನ್ನು ಕರೆತಂದ ಮೇಲೆ ಶಮನವಾದವು. ಅವನ್ನು ವಿಸ್ತರಿಸುವುದಿಲ್ಲ.

ಸೂತ್ರ 2. ಮತಭೇದೇ ಹೆದ್ದಾರೀ ಪ್ರಮಾಣಮ್.

ವೃತ್ತಿ: ರಾಷ್ಟ್ರೀಯ ಹೆದ್ದಾರಿ 66ರ ಗುಂಟ ದಕ್ಷಿಣದಿಂದ ಉತ್ತರಕ್ಕೆ ಮೂರು ದರ್ಶನಗಳನ್ನು ನಾನು ಕಂಡೆನು. ಭಟ್ಕಳದಲ್ಲಿ ಕಂಡುದು ದ್ರವ್ಯವಾದ: ದೋಷವು ಯಾವಾಗಲೂ ಒಂದು ವಸ್ತುವಿನಲ್ಲಿರುತ್ತದೆ, ವಸ್ತುವನ್ನು ಬದಲಿಸಿದರೆ ದೋಷವೂ ಅದರೊಡನೆ ತೊಲಗುತ್ತದೆ. ಹೊನ್ನಾವರದಲ್ಲಿ ಕಂಡುದು ಪುನರ್ಜನ್ಮವಾದ: ವಸ್ತುವು ನಿರ್ದೋಷಿ, ಕೆಟ್ಟಿರುವುದು ಅದರ ಸಂಸ್ಕಾರ, ಆದಕಾರಣ ವಿಂಡೋಸನ್ನು ಹೊಸದಾಗಿ ಹಾಕಿ ಪೂರ್ವಜನ್ಮವನ್ನು ಮರೆಸತಕ್ಕದ್ದು. ಕುಮಟೆಯಲ್ಲಿ ಕಂಡುದು ಘರ್ಷಣವಾದ: ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ರ‍್ಯಾಮಿನ ಹಲ್ಲುಗಳಿಗೆ ಕಿಲುಬು ಹಿಡಿಸಿರುತ್ತವೆ, ಶಾಲೆಯ ಮಕ್ಕಳ ರಬ್ಬರಿನಿಂದ ಅವನ್ನು ಉಜ್ಜಿ, ಊದಿ, ಮತ್ತೆ ಕೂರಿಸಿದರೆ ಮುಕ್ತಿ. ಈ ಮೂರರಲ್ಲಿ ಮೂರನೆಯದು ಅತ್ಯಂತ ಅಗ್ಗದ್ದೂ ನಮ್ಮ ಸೀಮೆಯ ಹವೆಗೆ ಅತ್ಯಂತ ಒಪ್ಪುವಂಥದೂ ಆಗಿದ್ದು, ರಬ್ಬರಿನ ಮೇಲೆ ಉಳಿದ ಕಪ್ಪುಗೆರೆಯೆಂಬ ಪ್ರತ್ಯಕ್ಷಪ್ರಮಾಣವನ್ನು ಒದಗಿಸುವ ಏಕೈಕ ದರ್ಶನವೂ ಅದೇ ಆಗಿದೆ. ಆದರೂ ನನ್ನ ಯಂತ್ರಕ್ಕೆ ಕುಮಟೆಯಲ್ಲಿ ಘರ್ಷಣವಾದ ಮೇಲೂ ಪುನರ್ಜನ್ಮವು ತಪ್ಪಲಿಲ್ಲ, ಅದೂ ಅಲ್ಲಿಯೇ ಆಯಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಳದೀಪುರದ ಹೊಂಡಗಳಲ್ಲಿ ಹಸುಗೂಸನ್ನು ತಬ್ಬುವಂತೆ ತಬ್ಬಿ ಹೊನ್ನಾವರಕ್ಕೆ ಕರೆತಂದೆನು. ವಾಚಕರು ಈ ಬಸ್‌ಪ್ರಯಾಣವನ್ನು ನೆನಪಿನಲ್ಲಿಡಬೇಕು. ಐದನೆಯ ಸೂತ್ರದಲ್ಲಿ ಇದು ಮತ್ತೆ ಬರುತ್ತದೆ.

ಸೂತ್ರ 3. ನಷ್ಟವು ಹಳತರಲ್ಲಿ ಹುದುಗಿರುವುದು.

ವೃತ್ತಿ: ಡಿಸ್ಕನ್ನು ಅಳಿಸದೆ ವಿಂಡೋಸನ್ನು ಮರಳಿ ಪ್ರತಿಷ್ಠಾಪಿಸಿದಾಗ, ಹಿಂದಿನ ಸಂಸಾರವೆಲ್ಲವೂ ‘ವಿಂಡೋಸ್ ಓಲ್ಡ್’ ಎಂಬ ಕೋಶದೊಳಗೆ ಅಟ್ಟ ಸೇರುತ್ತದೆ. ಅದರೊಳಗೆ ‘ಯೂಸರ್ಸ್’, ಅದರೊಳಗೆ ನಮ್ಮ ಹೆಸರು, ಅದರೊಳಗೆ ‘ಡೆಸ್ಕ್‌ಟಾಪ್’, ಅದರೊಳಗೆ ಮದುವೆ. ಆದರೆ ಮನೆಯ ಅಟ್ಟಕ್ಕೂ ಈ ಅಟ್ಟಕ್ಕೂ ಭೇದವುಂಟು. ಮನೆಯ ಅಟ್ಟದಲ್ಲಿ ಅಜ್ಜನ ಹರಿದ ಕೊಡೆಯು ಮೂರು ತಲೆಮಾರು ನಿರ್ಭಯವಾಗಿ ಮಲಗಿರುವುದು. ಇಲ್ಲಿಯೋ, ಸಾಮಾನ್ಯವಾಗಿ ಹತ್ತು ದಿನಗಳು ಕಳೆದ ಮೇಲೆ ಯಂತ್ರವು ತಾನಾಗಿಯೇ ಅಟ್ಟವನ್ನು ಗುಡಿಸಿಬಿಡುತ್ತದೆ. ನಮ್ಮವರು ಸೂತಕವನ್ನು ಹತ್ತು ದಿನ ಆಚರಿಸುವರಷ್ಟೆ. ದೂರದೇಶದ ಯಂತ್ರಕಾರರಿಗೆ ಈ ಲೆಕ್ಕವು ಎಲ್ಲಿಂದ ದೊರೆಯಿತೆಂಬುದು ಸಂಶೋಧನೀಯ. ವಿಧಿ ಇಷ್ಟು: ದುರಸ್ತಿಯಾದ ದಿನವೇ ಅಟ್ಟವನ್ನು ಹತ್ತಿ, ಬೇಕಾದುದನ್ನು ಇಳಿಸಿ, ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳತಕ್ಕದ್ದು. ಒಂಬತ್ತನೆಯ ದಿನ ಮಾಡಿದವರೂ ಉಂಟು, ಅವರು ಅನುಕರಣೀಯರಲ್ಲ. ನಾನು ಅವರಲ್ಲೊಬ್ಬ.

ಸೂತ್ರ 4. ಅಕ್ಷರಂ ಪೀಠಾಶ್ರಿತಮ್.

ವೃತ್ತಿ: ಮದುವೆಯ ಚಿತ್ರಗಳ ಜೊತೆಯಲ್ಲಿಯೇ ಹದಿನೈದು ವರ್ಷಗಳಿಂದ ನಾನು ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಪ್ರಬಂಧಗಳೂ ದೊರೆತವು. ತೆರೆದು ನೋಡಲಾಗಿ, ಅವು ಕನ್ನಡವಾಗಿರಲಿಲ್ಲ. ರೋಮನ್ ಲಿಪಿಯ ದೊಡ್ಡಕ್ಷರ ಸಣ್ಣಕ್ಷರಗಳು, ಕೆಲವು ತಲೆಯ ಮೇಲೆ ಎರಡೆರಡು ಚುಕ್ಕೆಗಳನ್ನೂ ಕೆಲವು ಸೊಟ್ಟ ಮೀಸೆಯನ್ನೂ ಧರಿಸಿ, ಜಾತ್ರೆ ಮುಗಿದ ಮೇಲೆ ಊರ ದಾರಿಯನ್ನು ಮರೆತವರಂತೆ ಸಾಲುಗಟ್ಟಿ ನಿಂತಿದ್ದವು. ಕಾರಣವನ್ನು ವಿಚಾರಿಸೋಣ. ಕನ್ನಡ ಗಣಕ ಪರಿಷತ್ತಿನ ನುಡಿಯೇ ಮೊದಲಾದ ಹಳೆಯ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಕನ್ನಡಕ್ಕೆ ಸ್ವಂತ ಪೀಠವಿರಲಿಲ್ಲ. ರೋಮನ್ ಅಕ್ಷರಗಳು ಕೂರುವ ಪೀಠಗಳ ಮೇಲೆಯೇ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಕೂರಿಸಿ, ಫಾಂಟೆಂಬ ವೇಷಭೂಷಣದಿಂದ ಕನ್ನಡವಾಗಿ ಕಾಣಿಸುತ್ತಿದ್ದರು. ಪುನರ್ಜನ್ಮದಲ್ಲಿ ಫಾಂಟು ಕಳಚಿತು. ಪೀಠದ ಮೂಲ ಯಜಮಾನನು ಎದ್ದು ಕುಳಿತನು. ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟ ದುರ್ಯೋಧನನನ್ನು ಕಂಡು ಮಕ್ಕಳು ಪೆಚ್ಚಾಗುವಂತೆ ನಾನೂ ಪೆಚ್ಚಾದೆನು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಪಂಕ್ತಿಯನ್ನು ಹಾಕಿದ್ದರೂ, ಆ ಪಂಕ್ತಿಯಲ್ಲಿ ಕೂರದೆ ಬಹುಕಾಲ ಪರರ ಎಲೆಯ ಮೇಲೆ ಉಂಡವನು ನಾನೇ ಆದುದರಿಂದ ಯಾರನ್ನೂ ದೂರುವಂತಿಲ್ಲ. ಕನ್ನಡದ ನಿಯಮಗಳನ್ನು ಸಂಸ್ಕೃತದ ಪೀಠದ ಮೇಲೆ ಕೂರಿಸಿದ ಭಟ್ಟಾಕಲಂಕನೂ ಇಂಥದೇ ಕೆಲಸ ಮಾಡಿದನಲ್ಲವೇ ಎಂದು ಪೂರ್ವಪಕ್ಷಿಗಳು ಕೇಳಬಹುದು. ಕೇಳಲಿ. ಅವನು ಪೀಠದೊಡನೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಕೂಡಿಸಿಯೇ ಹೋದನು. ನಾನು ಫಾಂಟಿನ ಒಂದು ನಕಲನ್ನೂ ತೆಗೆದಿಡಲಿಲ್ಲ. ಪರಿಹಾರವು ಸುಲಭ: ಹಳೆಯ ಅಟ್ಟದ ಫಾಂಟ್ ಕೋಶದಿಂದ ವೇಷವನ್ನು ತಂದು ತೊಡಿಸುವುದು, ಅನಂತರ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ಸಾಗಿಸುವುದು, ಸಾಗಿಸಿದ ಮೇಲೆ ಒತ್ತಕ್ಷರಗಳು ಎಲ್ಲೆಲ್ಲಿ ಮುರಿದಿವೆಯೆಂದು ಹುಡುಕುತ್ತ ತನ್ನ ಹಳೆಯ ಪ್ರಬಂಧಗಳನ್ನು ತಾನೇ ಓದುವುದು. ಈ ಮೂರನೆಯ ಹಂತವೇ ಪ್ರಾಯಶ್ಚಿತ್ತವೆನಿಸುವುದು.

ಸೂತ್ರ 5. ಕಾಲಭ್ರಷ್ಟನಿಗೆ ಲೋಕವು ಕದವಿಕ್ಕುವುದು.

ವೃತ್ತಿ: ಇಷ್ಟಾದ ಮೇಲೂ ಮಹಾದೋಷವೊಂದು ಉಳಿಯಿತು. ಅಂತರಜಾಲದ ಒಂದು ತಾಣವೂ ತೆರೆಯದು. ಎಲ್ಲೆಡೆಯೂ ಪರದೆಯ ಮೇಲೆ ಕೆಂಪು ತ್ರಿಕೋನ, ‘ಸಂಪರ್ಕ ಸುರಕ್ಷಿತವಲ್ಲ’ವೆಂಬ ಧಿಕ್ಕಾರ. ರೌಟರನ್ನು ಮೂರು ಸಲ ಆರಿಸಿ ಹೊತ್ತಿಸಿದೆನು. ವೈರಸ್ಸೆಂದು ಶಂಕಿಸಿದೆನು. ಕುಮಟೆಯವನಿಗೆ ಫೋನು ಮಾಡಲಾಗಿ, ಅಂಗಡಿಯಲ್ಲಿ ಎಲ್ಲ ತಾಣಗಳೂ ತೆರೆದಿದ್ದವೆಂದು ಆಣೆಯಿಟ್ಟನು. ಅಂಗಡಿಯಲ್ಲಿ ಸರಿಯಿದ್ದುದು ಮನೆಯಲ್ಲಿ ಕೆಡುವುದೇಕೆಂಬ ಈ ಪ್ರಾಚೀನ ಪ್ರಶ್ನೆಯನ್ನು ಹಿಡಿದು ನಾನು ಎರಡು ಪುಟಗಳ ಊಹಾಪೋಹವನ್ನು ಬರೆದು ಮುಗಿಸುವಷ್ಟರಲ್ಲಿ, ಆಸರಿಯ ಲೋಟ ಇಡಲು ಬಂದ ನನ್ನ ಹೆಂಡತಿಯು ಪರದೆಯ ಬಲಮೂಲೆಯನ್ನು ನೋಡಿ, ‘ಇದ್ರಲ್ಲಿ ವರ್ಷ ಎಂತಕ್ಕೆ ಹಿಂದೆ ಹೋಯ್ದು?’ ಎಂದಳು. ಅಲ್ಲಿ 2012ರ ಜನವರಿ 1 ಎಂದಿತ್ತು.

ನಿರುಕ್ತವನ್ನು ಹೇಳುತ್ತೇನೆ. ಯಂತ್ರದ ಹಲಗೆಯ ಮೇಲೆ, ಸೆಕೆಂಡಿಗೆ 32,768 ಸಲ ಕಂಪಿಸುವ ಹರಳೊಂದು ಕಾಲವನ್ನು ಎಣಿಸುತ್ತಿರುತ್ತದೆ. ಗೋಡೆಯ ವಿದ್ಯುತ್ತು ಇರುವಾಗ ಅದು ಅದರಿಂದ ಬದುಕುತ್ತದೆ. ತಂತಿ ಕಿತ್ತಾಗ, ಸಿಆರ್ 2032 ಎಂಬ ಬಿಲ್ಲೆ ಸೆಲ್ಲಿನಿಂದ ಬದುಕುತ್ತದೆ. ಈ ನಾಮವು ಅನ್ವರ್ಥ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನಮ್ಮ ಸೆಲ್ಲು ಎಂದೋ ಸತ್ತಿತ್ತು. ತಂತಿಯನ್ನು ಯಾರೂ ಕೀಳದ ಕಾರಣ ಆ ಸಾವು ಬಯಲಾಗಿರಲಿಲ್ಲ. ಅಂಗಡಿಯವನು ತಂತಿ ಚುಚ್ಚಿ ಕಾಲವನ್ನು ಸರಿಪಡಿಸಿದನು, ತಾಣಗಳು ತೆರೆದವು, ಅವನ ಆಣೆಯು ಸತ್ಯವೇ. ತಂತಿ ಕಿತ್ತು ಬಸ್ಸು ಹತ್ತಿದೊಡನೆ ಯಂತ್ರದ ಕಾಲವು ನಿಂತಿತು. ನಾನು ಅದನ್ನು ಹಳದೀಪುರದಲ್ಲಿ ತಬ್ಬಿಕೊಂಡಿದ್ದಾಗ ಅದರೊಳಗೆ ವರ್ಷವೇ ಇರಲಿಲ್ಲ. ಮನೆಯಲ್ಲಿ ಎಚ್ಚತ್ತ ಯಂತ್ರವು, ತಾನು ತಯಾರಾದ ಕಾಲವೇ ಈಗಿನ ಕಾಲವೆಂದು ತಿಳಿಯಿತು. ತಾಣಗಳೋ, ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತವೆಂಬ ಪ್ರಮಾಣಪತ್ರವನ್ನು ಮುಂದೊಡ್ಡುತ್ತವೆ. 2012ರಲ್ಲಿ ಕುಳಿತವನಿಗೆ ಆ ಸಾಕ್ಷಿಗಳೆಲ್ಲ ಇನ್ನೂ ಹುಟ್ಟದವರು. ಹುಟ್ಟದವರ ಸಾಕ್ಷಿಯನ್ನು ಯಾವ ನ್ಯಾಯಾಧೀಶನು ಸ್ವೀಕರಿಸಿಯಾನು? ಯಂತ್ರವು ಮಾಡಿದುದು ತಪ್ಪೇ ಅಲ್ಲ. ಆದಕಾರಣ ಸಿದ್ಧಾಂತವಿದು: ದುರಸ್ತಿಯಾದ ಯಂತ್ರವನ್ನು ಮನೆ ತುಂಬಿಸಿಕೊಳ್ಳುವಾಗ, ನೀನು ಯಾವ ಕಾಲದಲ್ಲಿರುವೆಯೆಂದು ಅದನ್ನು ಮೊದಲು ವಿಚಾರಿಸತಕ್ಕದ್ದು, ಮಿಕ್ಕ ಪ್ರಶ್ನೆಗಳು ಅನಂತರ.

ಸೂತ್ರ 6. ಪ್ರಮಾಣಾಭಾವೇ ರೋಗಾಭಾವಃ.

ವೃತ್ತಿ: ರಾತ್ರಿ ಒಂಬತ್ತರ ಮಳೆಯಲ್ಲಿ ಹೊಸ ಸೆಲ್ಲಿಗೆ ಎಲ್ಲಿಗೆ ಹೋಗುವುದು? ಅನ್ವೇಷಣೆಯಿಂದ ತಿಳಿದುಬಂದಂತೆ, ಅದೇ ಜಾತಿಯ ಬಿಲ್ಲೆಯೊಂದು ನಮ್ಮ ಮನೆಯಲ್ಲಿಯೇ, ನನ್ನ ರಕ್ತದ ಸಕ್ಕರೆಯನ್ನು ಅಳೆಯುವ ಯಂತ್ರದ ಬೆನ್ನಿನಲ್ಲಿತ್ತು. ಶಾಸ್ತ್ರಾರ್ಥವಾಗಿ ಅದನ್ನು ಕಿತ್ತು ಗಣಕಕ್ಕೆ ಕೂರಿಸಿದೆನು. ತಿದ್ದಿದ ಕಾಲವು ನೆಲೆನಿಂತಿತು, ಲೋಕವು ಕದ ತೆರೆಯಿತು. ಸಕ್ಕರೆಯಂತ್ರವು ಮಾತ್ರ ನಾಲ್ಕು ದಿನ ನಿಶ್ಚೇಷ್ಟಿತವಾಗಿ ಕಪಾಟಿನಲ್ಲಿ ಮಲಗಿತು. ಆ ನಾಲ್ಕು ದಿನಗಳಲ್ಲಿಯೇ ಒಬ್ಬರು ತೊಡದೇವನ್ನೂ ಇನ್ನೊಬ್ಬರು ಭಟ್ಕಳದ ಹಲ್ವವನ್ನೂ ತಂದುಕೊಟ್ಟುದು ಕಾಕತಾಳೀಯ. ಅಳೆಯುವ ಪ್ರಮಾಣವಿಲ್ಲದಿರುವಾಗ ರೋಗದ ಅಸ್ತಿತ್ವವನ್ನು ಪ್ರತಿಪಾದಿಸುವ ಭಾರವು ಪೂರ್ವಪಕ್ಷದ ಮೇಲೆ ಬೀಳುವುದೆಂದು ನಾನು ಊಟದ ಮನೆಯಲ್ಲಿ ವಾದಿಸಿ, ಎರಡೂ ಪೊಟ್ಟಣಗಳನ್ನು ಮುಗಿಸಿದೆನು.

ಐದನೆಯ ದಿನ ಪೂರ್ವಪಕ್ಷವು ಪೇಟೆಗೆ ಹೋಗಿ ಹೊಸ ಬಿಲ್ಲೆಯನ್ನು ತಂದು, ಸಕ್ಕರೆಯಂತ್ರಕ್ಕೆ ಹಾಕಿ, ನನ್ನ ಬೆರಳನ್ನು ಚುಚ್ಚಿತು. ಬಂದ ಅಂಕೆಯನ್ನು ಇಲ್ಲಿ ಉಲ್ಲೇಖಿಸುವುದು ಗ್ರಂಥದ ಗಾಂಭೀರ್ಯಕ್ಕೆ ಒಪ್ಪದು. ಆದರೆ ಸೆಲ್ಲು ಬದಲಾದ ಆ ಯಂತ್ರವೂ ತನ್ನ ತಾರೀಕನ್ನು ಕಳೆದುಕೊಂಡು, ಅಂಕೆಯ ಮೇಲ್ಗಡೆ ಎಂದೋ ಕಳೆದುಹೋದ ವರ್ಷವೊಂದರ ಜನವರಿ 1 ಎಂದು ತೋರಿಸುತ್ತಿದ್ದುದನ್ನು ನಾನು ಆ ಕ್ಷಣವೇ ಗಮನಿಸಿದೆನು. ಐದನೆಯ ಸೂತ್ರದ ಬಲದಿಂದ, ಆ ಸಕ್ಕರೆಯು ಆ ಕಾಲದ್ದೆಂದೂ, ಅಂದಿನ ನನಗೂ ಇಂದಿನ ನನಗೂ ಸಂಬಂಧವಿಲ್ಲವೆಂದೂ ಸವಿಸ್ತಾರವಾಗಿ ನಿರೂಪಿಸಿದ್ದೇನೆ. ನಿರೂಪಣೆಯು ಮುಗಿದಾಗ ಎದುರಿಗೆ ಯಾರೂ ಇರಲಿಲ್ಲ. ಅಡಿಗೆಮನೆಯಿಂದ ಹಾಗಲಕಾಯಿ ಹೆಚ್ಚುವ ಸದ್ದು ಕೇಳಿಬರುತ್ತಿತ್ತು.