ಮನೆಮಂದಿಯ ಪತ್ರಿಕೆ: ಲಕ್ಷಣ ಮತ್ತು ನಿರ್ವಹಣೆ

ತಾಲ್ಲೂಕು ಕೇಂದ್ರದಿಂದ ಹೊರಡುವ, ಒಂದೇ ಮನೆತನದ ಒಡೆತನದಲ್ಲಿರುವ ನಾಲ್ಕು ಪುಟದ ಪತ್ರಿಕೆಯನ್ನು ಊರ ಪತ್ರಿಕೆ ಎನ್ನಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಇದರ ಮುಖ್ಯ ಲಕ್ಷಣವೆಂದರೆ, ಇದರಲ್ಲಿ ಬರುವ ಸುದ್ದಿ ಓದುಗರಿಗೆ ಮೊದಲೇ ಗೊತ್ತಿರುತ್ತದೆ. ಆನೆ ಯಾರ ತೋಟಕ್ಕೆ ನುಗ್ಗಿತು, ಸೊಸೈಟಿ ಚುನಾವಣೆಯಲ್ಲಿ ಯಾರು ಯಾರಿಗೆ ಕೈಕೊಟ್ಟರು ಎಂಬುದೆಲ್ಲ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇತ್ಯರ್ಥವಾದ ಮೇಲೆಯೇ ಸಂಪಾದಕರ ಮೇಜಿಗೆ ಬರುವುದು. ಆದರೂ ಜನ ಪತ್ರಿಕೆ ತರಿಸುತ್ತಾರೆ. ಆಡಿದ ಮಾತನ್ನು ಆಡಲೇ ಇಲ್ಲ ಎಂದು ಸಾಧಿಸಬಹುದು, ಅಚ್ಚಾದದ್ದನ್ನು ಹಾಗೆ ಸಾಧಿಸಲು ಬರುವುದಿಲ್ಲ. ಸುದ್ದಿ ತಿಳಿಸುವುದಕ್ಕಿಂತ, ಎಲ್ಲರಿಗೂ ತಿಳಿದದ್ದಕ್ಕೆ ಸಾಕ್ಷಿ ನಿಲ್ಲುವುದೇ ಊರ ಪತ್ರಿಕೆಯ ಕಸುಬು.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಅವರಿಗೆ ಬೇಕಾಗಿದ್ದದ್ದು ಕಲ್ಲಚ್ಚು. ನಂತರದವರಿಗೆ ಕಾಗದಪತ್ರಗಳೂ ಬೇಕಾದವು. 2024ರ ಮಾರ್ಚ್ 1ರಂದು ಹೊಸ ಕಾಯ್ದೆ ಜಾರಿಗೆ ಬರುವವರೆಗೂ ಪತ್ರಿಕೆಗಳ ನೋಂದಣಿ ನಡೆದದ್ದು 1867ರ ಕಾಯ್ದೆಯಂತೆ. ಅದರಡಿಯ ನಿಯಮದ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ನಾಲ್ಕನೇ ನಮೂನೆಯ ಘೋಷಣೆ ಅಚ್ಚಾಗಬೇಕಿತ್ತು. ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಸಂಪಾದಕರ ಹೆಸರು, ಮಾಲೀಕರ ಹೆಸರು ಎಂದು ಅದು ಗಂಭೀರವಾಗಿ ಕೇಳುತ್ತಿತ್ತು. ಊರ ಪತ್ರಿಕೆ ಅಷ್ಟೇ ಗಂಭೀರವಾಗಿ ಒಂದೇ ಹೆಸರನ್ನು ನಾಲ್ಕು ಸಲ ಹೇಳುತ್ತಿತ್ತು. ಬಂಡವಾಳದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಪಾಲು ಉಳ್ಳವರ ಹೆಸರಿಗೂ ಒಂದು ಕಲಮು ಇತ್ತು. ಪ್ರೆಸ್ಸು ಕೊಳ್ಳುವಾಗ ಬಳೆ ಬಿಚ್ಚಿಕೊಟ್ಟ ಮನೆಯೊಡತಿಯ ಹೆಸರು ಅಲ್ಲಿ ಕಾಣುತ್ತಿದ್ದುದು ಅಪರೂಪ. ಪ್ರೂಫ್ ನೋಡುವುದು, ಮೈದಾ ಅಂಟು ಕಾಯಿಸುವುದು, ವಿಳಾಸದ ಚೀಟಿ ಹಚ್ಚುವುದು, ‘ಸಂಪಾದಕರು ಊರಲ್ಲಿಲ್ಲ’ ಎಂದು ಫೋನಿನಲ್ಲಿ ಹೇಳುವುದು ಇವು ಯಾವ ನಮೂನೆಯಲ್ಲೂ ಇಲ್ಲದ ಆಕೆಯ ಹುದ್ದೆಗಳು.

ಸುದ್ದಿಯನ್ನು ಋತುಮಾನಕ್ಕೆ ತಕ್ಕಂತೆ ವಿಂಗಡಿಸಬಹುದು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆಯೇ ಮುಖಪುಟ. ಕಾಫಿ ತೋಟದವರ ಲೆಕ್ಕದಲ್ಲಿ ಮಳೆ ಬೀಳುವುದು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಬಾಳೂರಿಗೆ ಎಪ್ಪತ್ತು ಸೆಂಟು, ಬಣಕಲ್‌ಗೆ ಒಂದಿಂಚು ಎಂದು ಅಚ್ಚಾದ ಬೆಳಿಗ್ಗೆ ಬಾಳೂರಿನಿಂದ ಫೋನು ಬರುತ್ತದೆ: ‘ನಮ್ಮಲ್ಲಿ ಒಂದಿಂಚು ಐದು ಸೆಂಟು ಆಗಿದೆ ಮಾರಾಯ್ರೆ, ಯಾರು ಕೊಟ್ಟಿದ್ದು ನಿಮಗೆ ಈ ಲೆಕ್ಕ?’ ತಿದ್ದುಪಡಿ ಹಾಕಿದರೆ ಬಣಕಲ್‌ನವರಿಗೆ ಮತ್ತೆ ಐದು ಸೆಂಟು ಬಿದ್ದಿರುತ್ತದೆ. ಮಳೆಗಾಲದ ಸುದ್ದಿ ಕಳಸ–ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ. ಭದ್ರೆ ತುಂಬಿದಾಗಲೆಲ್ಲ ಅದು ಮುಳುಗುವುದರಿಂದ ಕಳೆದ ವರ್ಷದ ಫೋಟೊ ಹಾಕಿದರೆ ಹೊಳೆಯೇನೂ ತಕರಾರು ತೆಗೆಯುವುದಿಲ್ಲ. ತೆಗೆಯುವವರು ಓದುಗರು: ದಡದಲ್ಲಿ ಕೊಡೆ ಹಿಡಿದು ನಿಂತವರ ತಿಥಿಯೂಟಕ್ಕೆ ಸಂಪಾದಕರೇ ಹೋಗಿಬಂದಿರುತ್ತಾರೆ. ಕೊಯ್ಲು ಶುರುವಾದ ಮೇಲೆ 50 ಕಿಲೊ ಮೂಟೆಯ ಧಾರಣೆ ಬಿಟ್ಟರೆ ಬೇರೆ ಸುದ್ದಿ ಬೇಕಿಲ್ಲ. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಎಂದು ಸಾಲಾಗಿ ಅಚ್ಚಾಗುವ ಆ ಪಟ್ಟಿಯನ್ನು ಬೆಳೆಗಾರರು ಓದುತ್ತಾರೆ, ಇದು ನಿನ್ನೆಯದು ಎನ್ನುತ್ತಾರೆ, ಕತ್ತರಿಸಿ ಜೇಬಿನಲ್ಲೂ ಇಟ್ಟುಕೊಳ್ಳುತ್ತಾರೆ.

ಆದಾಯದ ಮೂಲಗಳು ಮೂರು: ಸರ್ಕಾರಿ ಪ್ರಕಟಣೆ, ಖಾಸಗಿ ಜಾಹೀರಾತು, ಚಂದಾ. ಮೊದಲನೆಯದರ ಹಣ ತಡವಾಗಿ ಬರುತ್ತದೆ. ಎರಡನೆಯದರಲ್ಲಿ ಮುಖಂಡರ ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಹೆಸರು ಬದಲಾವಣೆಯ ಅಫಿಡವಿಟ್ ಸೇರುತ್ತವೆ. ಶುಭಾಶಯದಲ್ಲಿ ಅಭಿಮಾನಿಗಳ ಫೋಟೊಗಳ ಕ್ರಮ ತಪ್ಪಿದರೆ ಹಣ ಬರುವುದಿಲ್ಲ, ಅಭಿಮಾನಿಗಳು ಬರುತ್ತಾರೆ. ಚಂದಾ ಎಂಬುದು ‘ಬರೋ ಕೊಯ್ಲಿಗೆ ನೋಡೋಣ’ ಎಂಬ ಮಾತಿನ ರೂಪದಲ್ಲಿ ಸಂದಾಯವಾಗುತ್ತದೆ. ಕೆಲವೊಮ್ಮೆ ಬಾಳೆಗೊನೆಯಾಗಿಯೂ ಬರುವುದುಂಟು. ಪತ್ರಿಕಾ ಕಾಗದಕ್ಕೆ 2017ರಿಂದ ಶೇಕಡಾ 5 ಜಿಎಸ್‌ಟಿ ಬಿತ್ತು. ಬಾಳೆಗೊನೆಯಲ್ಲಿ ಅದನ್ನು ಕಟ್ಟಲು ಅವಕಾಶವಿಲ್ಲ.

ಮನೆತನದ ಪತ್ರಿಕೆ ಯಾವ ಕಂಪನಿಗೂ ಅಡಿಯಾಳಲ್ಲ. ಅದರ ಸ್ವಾತಂತ್ರ್ಯಕ್ಕೆ ಇರುವ ಗಡಿ ನೆಂಟಸ್ತಿಕೆ. ಚರಂಡಿ ಕಾಮಗಾರಿ ಕಳಪೆ ಎಂದು ಬರೆಯಬಹುದು, ಆದರೆ ಗುತ್ತಿಗೆದಾರರು ಬೀಗರ ಭಾವ ಆಗಿರುತ್ತಾರೆ. ಮಹಾನಗರದಲ್ಲಿ ಸಿಟ್ಟಾದವರು ವಕೀಲರ ನೋಟಿಸು ಕಳಿಸುತ್ತಾರೆ; ಇಲ್ಲಿ ಲಗ್ನಪತ್ರಿಕೆ ಕಳಿಸುವುದಿಲ್ಲ. ಬರೆದವರು ಸಂಜೆ ಅದೇ ರಸ್ತೆಯಲ್ಲಿ ಹಾಲು ತರಲು ಹೋಗಬೇಕಾದ್ದರಿಂದ ಬರಹದಲ್ಲಿ ವಿಶೇಷಣಗಳು ಕಡಿಮೆಯಾಗಿ ಅಂಕಿಅಂಶ ಹೆಚ್ಚುತ್ತವೆ. ಸಾಕ್ಷಿಗೆ ಅದು ಒಳ್ಳೆಯದೇ.

ವಿತರಣೆ ಅಂಚೆ ಮತ್ತು ಬಸ್ಸನ್ನು ನಂಬಿದೆ. ಮಳೆಗಾಲದಲ್ಲಿ ಬಂಡಲ್‌ಗೆ ಪ್ಲಾಸ್ಟಿಕ್ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟರೆ ಕೊಟ್ಟಿಗೆಹಾರದ ಅಂಗಡಿಯಲ್ಲಿ ಇಳಿಯುತ್ತದೆ, ಕಂಡಕ್ಟರ್ ಓದಿ ಮುಗಿಸಿದ್ದರೆ. 1991ರಲ್ಲಿ ಕಾರ್ಮಿಕರೇ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಬಸ್ಸು ತಪ್ಪಿದ ಹಳ್ಳಿಗೆ ಪತ್ರಿಕೆಯೂ ತಪ್ಪುತ್ತದೆ. ವಾಟ್ಸ್ಆ್ಯಪ್ ಮಾತ್ರ ಬಸ್ಸಿಗೆ ಕಾಯುವುದಿಲ್ಲ.

ಕೊನೆಯದು ಉತ್ತರಾಧಿಕಾರ. ನೆರೆಯ ಕಾಫಿ ಸೀಮೆ ಮಡಿಕೇರಿಯಲ್ಲಿ ಬಿ.ಎಸ್. ಗೋಪಾಲಕೃಷ್ಣ 1957ರಲ್ಲಿ ಆರಂಭಿಸಿದ ‘ಶಕ್ತಿ’ಯನ್ನು ಅವರ ನಂತರ ಮಕ್ಕಳು ಮುನ್ನಡೆಸಿದರು. ಮೈಸೂರಿನಲ್ಲಿ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ 1970ರಲ್ಲಿ ಹುಟ್ಟುಹಾಕಿದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ವನ್ನು ಮಗ ಸಂಪತ್ ಕುಮಾರ್, ಸೊಸೆ ಜಯಲಕ್ಷ್ಮಿ ಉಳಿಸಿಕೊಂಡು ಬಂದರು, 2020ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದರೆ ಮಾತು ಬೇರೆ. ಮುಂದುವರಿಸುವವರು ಸಿಕ್ಕರೆ ನೋಂದಣಿಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸಬೇಕು. ಚಂದಾ ಬಾಕಿಯ ಪಟ್ಟಿ ಯಾವ ಅರ್ಜಿಯೂ ಇಲ್ಲದೆ ತಾನಾಗಿಯೇ ವರ್ಗವಾಗುತ್ತದೆ.