ಟ್ರಂಕಿನಲ್ಲಿ ಭಾಗ್ಯಲಕ್ಷ್ಮಿ

ಸತ್ಯಮಂಗಲದ ಮನೆಯಲ್ಲಿ ಅಜ್ಜಿ ಟ್ರಂಕಿನಿಂದ ಭಾಗ್ಯಲಕ್ಷ್ಮಿ ಬಾಂಡು ತೆಗೆದಳು. ಜಿರಳೆ ತಿಂದದ್ದು ಅಂಚು ಮಾತ್ರ.

"2006ರಲ್ಲಿ ನೀನು ಹುಟ್ಟಿದಾಗ ಸರ್ಕಾರ ಎಲ್‌ಐಸಿಯಲ್ಲಿ 10,000 ಇಟ್ಟಿತ್ತು ಕಣೇ."

"ಈಗೆಷ್ಟು?"

"34,751."

"ಕಾಲೇಜು ಫೀಸು?"

"ಅದೂ ಹದಿನೆಂಟು ವರ್ಷ ಬೆಳೀತು. ಅದಕ್ಕೆ ಷರತ್ತಿಲ್ಲ."

"ನನಗಿತ್ತಾ?"

"ಲಸಿಕೆ ಹಾಕಿಸ್ಕೋಬೇಕು, ಎಂಟನೇ ಕ್ಲಾಸು ಓದ್ಬೇಕು, ಕೂಲಿಗೆ ಹೋಗ್ಬಾರ್ದು, ಹದಿನೆಂಟಕ್ಕೆ ಮುಂಚೆ ಮದುವೆ ಆಗ್ಬಾರ್ದು."

"ಎಲ್ಲಾ ಪಾಸು! ಮೊನ್ನೆ ಮೊನ್ನೆ ಹುಟ್ಟಿದ ಚಿಕ್ಕಪ್ಪನ ಮಗಳಿಗೆ?"

"ಅವಳದ್ದು ಅಂಚೆ ಕಚೇರಿ, ಸುಕನ್ಯಾ ಸಮೃದ್ಧಿ. ವರ್ಷಕ್ಕೆ 3,000ದಂತೆ 15 ವರ್ಷ ಸರ್ಕಾರ ಕಟ್ಟುತ್ತೆ. ಪೂರ್ತಿ ದುಡ್ಡು 21 ವರ್ಷಕ್ಕೆ."

"ಅಷ್ಟರಲ್ಲಿ ಡಿಗ್ರಿ ಮುಗಿದಿರುತ್ತಲ್ಲಜ್ಜಿ!"

"ಅದಕ್ಕೇ ನಿಮ್ಮ ಚಿಕ್ಕಪ್ಪ ಈಗ್ಲೇ ಛತ್ರ ನೋಡ್ತಾ ಇದ್ದಾನೆ."